ಎತ್ತು ಬಿಚ್ಚುವ ಹೊತ್ತು

ನಮ್ಮೂರಿನ ಗಾಣದ ಬೀದಿಯವರು ಮಧ್ಯಾಹ್ನದ ಊಟಕ್ಕೆ ಕೂರುವಾಗ ಹೂವಿನ ಬೀದಿಯವರು ಹಲ್ಲುಜ್ಜುತ್ತಿರುತ್ತಾರೆ. ಕಂಬಳಿ ಬೀದಿಯಲ್ಲಿ ಆಗ ನಡುರಾತ್ರಿ. ಕೋಟೆ ಹಿಂದಲ ಬೀದಿಯಲ್ಲಂತೂ ಇನ್ನೂ ಹಿಂದಿನ ದಿನದ ದೀಪ ಹಚ್ಚುವ ಹೊತ್ತು. ಮೊದಲಿನಿಂದಲೂ ಹಾಗೆಯೇ. ಸೂರ್ಯ ನಾಲ್ಕು ಬೀದಿಗೂ ಸರದಿಯ ಮೇಲೆ ಬರುತ್ತಾನೆ, ಯಾರೂ ಅದಕ್ಕಾಗಿ ತಲೆ ಕೆಡಿಸಿಕೊಂಡಿಲ್ಲ. ಗಾಣದ ಬೀದಿಯ ಹುಡುಗಿಯನ್ನು ಕಂಬಳಿ ಬೀದಿಗೆ ಕೊಟ್ಟರೆ ಮೊದಲ ತಿಂಗಳು ಅತ್ತೆಯಾದವಳು ಸೊಸೆ ಸೋಮಾರಿ, ಹಗಲೆಲ್ಲ ತೂಕಡಿಸುತ್ತಾಳೆ ಎಂದು ಬೀದಿಯ ತುಂಬ ಹೇಳಿಕೊಂಡು ಬರುತ್ತಾಳೆ. ಎರಡನೇ ತಿಂಗಳು ಸೊಸೆ ಅವಳಿಗಿಂತ ಮೊದಲೇ ಎದ್ದು ಒಲೆ ಹಚ್ಚಿದಾಗ ಸುಮ್ಮನಾಗುತ್ತಾಳೆ. ಬೀದಿಯಿಂದ ಬೀದಿಗೆ ಹೋಗುವವರು ಬಿಸಿಲಿಗೊಂದು ಕೊಡೆ, ಕತ್ತಲಿಗೊಂದು ಲಾಂದ್ರ ಎರಡನ್ನೂ ಹಿಡಿದೇ ಹೊರಡುವುದು. ಹೊಸಬರು ಅದನ್ನು ನೋಡಿ ನಗುತ್ತಾರೆ. ಒಂದು ವಾರ ಕಳೆಯಲಿ, ಅವರ ಕೈಗೂ ಲಾಂದ್ರ ಬರುತ್ತದೆ.

ನಾನೂ ಹಾಗೆ ನಕ್ಕವಳೇ. ಎಲ್ಲರಿಗೂ ಸೇರಿ ಒಂದೇ ಬೆಳಗಾಗುವ ಊರಿನಿಂದ ಲಗ್ನವಾಗಿ ಇಲ್ಲಿಗೆ ಬಂದೆ. ನನ್ನ ಗಂಡ ಖಾಸಿಂ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುವವರು. ಈಗಿನ ಹೆಣ್ಣುಮಕ್ಕಳಿಗೆ ಕಲಾಯಿ ಎಂದರೆ ಏನೆಂದು ಬಿಡಿಸಿ ಹೇಳಬೇಕು. ಸ್ಟೀಲು ಬಂದು ನಮ್ಮ ಕಸುಬನ್ನು ನುಂಗಿ ನೀರು ಕುಡಿದು ಎಷ್ಟೋ ಕಾಲವಾಯಿತು. ಆಗೆಲ್ಲ ಮನೆ ಮನೆಯಲ್ಲೂ ತಾಮ್ರ, ಹಿತ್ತಾಳೆ. ಒಳಮೈಗೆ ತವರದ ಲೇಪವಿರಬೇಕು. ಲೇಪ ಸವೆದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಹಸಿರು ಕಿಲುಬು ಬಿಟ್ಟು ಉಂಡವರ ಹೊಟ್ಟೆ ತೊಳಸುತ್ತದೆ. ಅದಕ್ಕೇ ತಿಂಗಳಿಗೊಮ್ಮೆಯಾದರೂ ಪ್ರತಿ ಮನೆಯ ಪಾತ್ರೆಯೂ ಇವರ ಕೈಗೆ ಬಂದು ಹೋಗಬೇಕಿತ್ತು. ಇವರು ಬೀದಿಯ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲು ಹೊತ್ತಿಸುತ್ತಿದ್ದರು. ದೊಡ್ಡ ತಪ್ಪಲೆಯಾದರೆ ಅದರೊಳಗೆ ಮರಳು ಹಾಕಿ, ತಾವೇ ಇಳಿದು ನಿಂತು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸಿ ತಿರುಗಿಸಿ ತಿಕ್ಕುತ್ತಿದ್ದರು. ಕಾದ ಪಾತ್ರೆಗೆ ನವಸಾಗರ ಉದುರಿಸಿದರೆ ಬಿಳಿ ಹೊಗೆ ಬುಸ್ಸೆಂದು ಏಳುತ್ತಿತ್ತು. ತವರದ ಕಡ್ಡಿ ತಾಗಿಸಿ, ಅರಳೆಯ ಉಂಡೆಯಿಂದ ಒಮ್ಮೆ ಸುತ್ತ ಸವರಿದರೆ ಸಾಕು, ಕಪ್ಪು ಹಿಡಿದಿದ್ದ ಪಾತ್ರೆಯೊಳಗೆ ನೋಡುವವರ ಮುಖ ಕಾಣುತ್ತಿತ್ತು. ಆ ಹೊಗೆಯ ಘಾಟು ಇವತ್ತಿಗೂ ಎಲ್ಲಿಂದಲೋ ಬಂದಂತಾಗಿ ನಾನು ಕೆಲಸ ಬಿಟ್ಟು ಬಾಗಿಲಿಗೆ ಹೋಗಿ ನೋಡುವುದುಂಟು. ಇವರು ಹೋಗಿ ಬಹಳ ವರ್ಷವಾಯಿತು, ಆದರೂ ಹೋಗಿ ನೋಡುತ್ತೇನೆ.

ಪಾತ್ರೆಯನ್ನು ಅಡುಗೆಮನೆಯಿಂದ ಹೊರಗೆ ತರಬೇಕೆಂದರೆ ಹೊತ್ತು ನೋಡಿಯೇ ತರಬೇಕು. ಮಧ್ಯಾಹ್ನ ಉಂಡು, ಪಾತ್ರೆ ತೊಳೆದು ಕವುಚಿ ಹಾಕಿದ ಮೇಲೆ, ಸಂಜೆ ಒಲೆ ಹಚ್ಚುವ ಮೊದಲು, ಆ ನಡುವೆ ಮಾತ್ರ ಅವು ಬಿಡುವಾಗಿರುತ್ತವೆ. ಬೇರೆ ಊರಿನ ಕಲಾಯಿಯವನು ಮಧ್ಯಾಹ್ನ ದುಡಿದು ರಾತ್ರಿ ಮಲಗುತ್ತಾನೆ. ನಮ್ಮೂರಲ್ಲಿ ದಿನಕ್ಕೆ ನಾಲ್ಕು ಮಧ್ಯಾಹ್ನ. ಗಾಣದ ಬೀದಿಯದು ಮುಗಿಸಿ ಕುಲುಮೆ ಕಿತ್ತು ತಳ್ಳುಗಾಡಿಗೆ ಹಾಕಿಕೊಳ್ಳುವಷ್ಟರಲ್ಲಿ ಹೂವಿನ ಬೀದಿಯಲ್ಲಿ ಪಾತ್ರೆ ಕವುಚುತ್ತಿರುತ್ತಾರೆ, ಅದು ಮುಗಿದರೆ ಕಂಬಳಿ ಬೀದಿ, ಅದಾದ ಮೇಲೆ ಕೋಟೆ ಹಿಂದಲ ಬೀದಿ, ಮತ್ತೆ ಗಾಣದ ಬೀದಿ. ಇದಕ್ಕೆ ಕೊನೆಯೆಂಬುದೇ ಇರಲಿಲ್ಲ.

ನನ್ನ ಪಾಲಿನ ಕೆಲಸವೆಂದರೆ ಹಿಂದಿನ ದಿನವೇ ಬೀದಿ ಬೀದಿಗೆ ಹೋಗಿ, ನಾಳೆ ಇಂಥಿಂಥ ಮನೆಗಳ ಪಾತ್ರೆಗೆ ಇಂಥ ಹೊತ್ತಿಗೆ ಬರುತ್ತೇವೆ ಎಂದು ಸಾರುವುದು. ಮೊದಲನೆಯ ಸಲ ಹೋದಾಗ ನಾನು ಬುದ್ಧಿವಂತೆ ಎಂದು ಕೈಗೆ ಗಡಿಯಾರ ಕಟ್ಟಿಕೊಂಡು ಹೋದೆ. ನನ್ನ ಅಣ್ಣ ಮದುವೆಯಲ್ಲಿ ಉಡುಗೊರೆ ಕೊಟ್ಟಿದ್ದ ಗಡಿಯಾರ. ಅದು ತೋರಿಸುತ್ತಿದ್ದುದು ನಮ್ಮ ತೌರೂರಿನ ಗಂಟೆ. ಅದನ್ನೇ ನೋಡಿ ಲೆಕ್ಕ ಹಾಕಿ ಕಂಬಳಿ ಬೀದಿಯಲ್ಲಿ ಹೊತ್ತು ಹೇಳಿ ಬಂದೆ. ಮರುದಿನ ಇವರು ಅಲ್ಲಿಗೆ ಹೋಗಿ ನೋಡಿದರೆ ಇಡೀ ಬೀದಿ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದೆ, ನಾಯಿಗಳು ಮಾತ್ರ ಎಚ್ಚರವಾಗಿವೆ. ಇವರನ್ನು ಅವು ಚೌಕದವರೆಗೆ ಅಟ್ಟಿಸಿಕೊಂಡು ಬಂದವು.

ಇವರು ಬೈಯಲಿಲ್ಲ. ಏದುಸಿರು ಬಿಡುತ್ತ ಕೂತು, ಪಂಚೆ ಹರಿದಿದೆಯೇ ಎಂದು ನೋಡಿಕೊಂಡು ಹೇಳಿದರು: "ಗಂಟೆ ಹೇಳಬೇಡ ಜೈನಾ. ಒಲೆ ಮುಂದೆ ಕೂತೋರು ಗಂಟೆ ಯಾಕೆ ನೋಡ್ತಾರೆ? ಅವರು ಏನು ಮಾಡ್ತಾ ಇರ್ತಾರೋ ಅದನ್ನೇ ಹೇಳು. ಅವರ ಹೊತ್ತು ಅವರ ಕೈಯಲ್ಲೇ ಇರ್ತದೆ."

ಅಲ್ಲಿಂದ ನಾನು ಬೀದಿಗಳನ್ನು ಕಲಿಯತೊಡಗಿದೆ. ಹೂವಿನ ಬೀದಿಯಲ್ಲಿ ಮಧ್ಯಾಹ್ನದ ಮೊಗ್ಗಿನ ಬುಟ್ಟಿಗಳು ಬರುತ್ತವೆ, ಬಂದೊಡನೆ ಹೆಂಗಸರೆಲ್ಲ ಜಗುಲಿಗೆ ಬಂದು ಬಾಳೆನಾರು ಬಿಡಿಸುತ್ತಾರೆ. ಅಲ್ಲಿಗೆ "ನಾರು ನೆನೆ ಹಾಕಿದ ಮೇಲೆ ಬರ್ತೀವಮ್ಮಾ" ಎನ್ನುತ್ತಿದ್ದೆ. ಕಂಬಳಿ ಬೀದಿಯಲ್ಲಿ ಗಂಜಿ ಹಾಕಿದ ಕಂಬಳಿಗಳನ್ನು ಬಿಸಿಲಿಗೆ ಹರಡಿರುತ್ತಾರೆ, ಅಲ್ಲಿಗೆ "ಕಂಬಳಿ ಮಗ್ಗುಲು ತಿರುವಿದ ಮೇಲೆ." ಕೋಟೆ ಹಿಂದಲ ಬೀದಿಯವರು ಉಂಡು ಮಲಗುವ ಜನ, ಎದ್ದ ಕೂಡಲೇ ಕಾಫಿಯಾಗಬೇಕು, ಅಲ್ಲಿ "ಡಿಕಾಕ್ಷನ್ ಇಳಿಯೋದಕ್ಕೆ ಬಿಟ್ಟು ಪಾತ್ರೆ ತನ್ನಿ" ಎಂದರೆ ಯಾರೂ ತಪ್ಪುತ್ತಿರಲಿಲ್ಲ. ಎಂಥ ದಿನಗಳವು! ನಾನು ಬೀದಿಯ ಬಾಯಿಗೆ ಬಂದು ಒಂದು ಸಲ ಕೂಗಿದರೆ ಕಿಟಕಿಗಳೆಲ್ಲ ತೆರೆಯುತ್ತಿದ್ದವು. ಒಬ್ಬಳು ಒಗ್ಗರಣೆ ಸೌಟು ಹಿಡಿದೇ ಓಡಿ ಬರುತ್ತಿದ್ದಳು, ಇನ್ನೊಬ್ಬಳು ಒಳಗಿಂದಲೇ "ಜೈನಕ್ಕಾ, ನಂದೂ ಒಂದು ಬೋಗುಣಿ ಐತೆ, ಮರೀಬೇಡ" ಎಂದು ಕಿರುಚುತ್ತಿದ್ದಳು. ಬರಿಗೈಯಲ್ಲಿ ನಾನು ಮನೆಗೆ ಬಂದದ್ದೇ ಇಲ್ಲ, ಒಂದು ಮೊಳ ಮಲ್ಲಿಗೆಯೋ ಎರಡು ಚಕ್ಕುಲಿಯೋ ಸೆರಗಿನಲ್ಲಿ ಇದ್ದೇ ಇರುತ್ತಿತ್ತು.

ನಮ್ಮ ಮನೆ ಇದ್ದದ್ದು ನಾಲ್ಕು ಬೀದಿ ಸೇರುವ ಚೌಕದಲ್ಲಿ. ಒಂದು ಕಡೆಯಿಂದ ಬಿಸಿಲು, ಒಂದು ಕಡೆಯಿಂದ ಕತ್ತಲು, ಎರಡು ಕಡೆಯಿಂದ ಅರೆಬೆಳಕು ಬಂದು ಕಲಸಿಕೊಂಡು ಅಲ್ಲಿ ಯಾವಾಗಲೂ ದೀಪ ಹಚ್ಚಲೋ ಬೇಡವೋ ಎನ್ನುವಷ್ಟು ಬೆಳಕು. ಬೆಳಗಾಗುತ್ತಿರಲಿಲ್ಲ, ರಾತ್ರಿಯಾಗುತ್ತಿರಲಿಲ್ಲ. ಬೇರೆ ಮನೆಗಳೇ ಇಲ್ಲದ ಜಾಗ, ಬಾಡಿಗೆ ಕಡಿಮೆ, ನಾಲ್ಕು ಬೀದಿಗೂ ಹತ್ತಿರ ಎಂದು ನಮ್ಮ ಮಾವನವರ ಕಾಲದಲ್ಲೇ ಅಲ್ಲಿ ಬಿಡಾರ ಹೂಡಿದ್ದರಂತೆ. ನಾನಾದರೂ ಇವರು ಕುಲುಮೆಯ ಮುಂದಿದ್ದಾಗ ಕಣ್ಣು ಮುಚ್ಚಬಹುದಿತ್ತು. ಇವರ ನಿದ್ದೆಯೆಲ್ಲ ಚೂರು ಚೂರು. ತಳ್ಳುಗಾಡಿಯ ಮೇಲೆ ಇದ್ದಿಲ ಚೀಲಕ್ಕೆ ತಲೆಯಿಟ್ಟು ಒಂದಿಷ್ಟು, ಯಾರದೋ ಜಗುಲಿಯಲ್ಲಿ ಕೂತಲ್ಲೇ ಒಂದಿಷ್ಟು, ಮನೆಗೆ ಬಂದರೆ ತುತ್ತು ಕೈಯಲ್ಲಿರುವಾಗಲೇ ಒಂದಿಷ್ಟು. ಹಾಸಿಗೆ ಸುತ್ತಿಟ್ಟಲ್ಲೇ ಇರುತ್ತಿತ್ತು. ನಾಲ್ಕು ಬೀದಿಯ ಹೊತ್ತನ್ನೂ ನಾನು ಬಾಯಿಪಾಠ ಹೇಳುತ್ತಿದ್ದೆ, ನಿಮ್ಮ ಮನೆಯಲ್ಲಿ ಈಗ ಎಷ್ಟು ಹೊತ್ತು ಎಂದು ಒಬ್ಬರೂ ನಮ್ಮನ್ನು ಕೇಳಿದ್ದಿಲ್ಲ. ಕೇಳಿದ್ದರೂ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

"ಒಂದು ದಿನ ಎರಡು ಬೀದಿ, ಮರುದಿನ ಎರಡು ಬೀದಿ ಅಂತ ಮಾಡಿಕೊಳ್ಳಿ" ಎಂದು ನಾನು ಎಷ್ಟು ಸಲ ಹೇಳಿದೆನೋ. ಹಾಗೆ ಮಾಡಿದರೆ ಒಂದೊಂದು ಮನೆಯ ಸರದಿ ಎರಡು ತಿಂಗಳಿಗೆ ಹೋಗುತ್ತದೆ, ಅಷ್ಟರಲ್ಲಿ ಲೇಪ ಸವೆದಿರುತ್ತದೆ ಎನ್ನುತ್ತಿದ್ದರು. ಅವರ ಅಪ್ಪ ಕಾಯಿಲೆ ಬಿದ್ದು ಸರದಿ ತಪ್ಪಿದ ಒಂದು ಬೇಸಿಗೆಯಲ್ಲಿ ಕಂಬಳಿ ಬೀದಿಯ ಮನೆಯೊಂದರಲ್ಲಿ ಕಿಲುಬು ಹಿಡಿದ ಪಾತ್ರೆಯ ಸಾರು ಉಂಡು ಎಲ್ಲರೂ ವಾಂತಿ ಮಾಡಿಕೊಂಡರಂತೆ. ದೊಡ್ಡವರು ಚೇತರಿಸಿಕೊಂಡರು, ಒಂದು ಮಗು ಉಳಿಯಲಿಲ್ಲ. ಆ ಮಗುವಿನ ತಾಯಿ ಚೌಕಕ್ಕೆ ಬಂದು ಬೈಯಲಿಲ್ಲ, ಅಳಲಿಲ್ಲ, ಆ ಪಾತ್ರೆಯನ್ನು ಇವರ ಅಪ್ಪನ ಮುಂದಿಟ್ಟು ಹೋದಳಂತೆ. ಇವರು ಅದನ್ನು ಕಣ್ಣಾರೆ ಕಂಡವರು. ಅಂಥವರಿಗೆ ನಿದ್ದೆ ಮಾಡಿ ಎಂದು ಹೇಗೆ ಹೇಳಲಿ?

ಆದರೆ ಮೈ ಕೇಳಬೇಕಲ್ಲ. ಮೊದಲು ಕಣ್ಣು ಕೆಂಪಾಯಿತು, ಆಮೇಲೆ ಕೈ ನಡುಗತೊಡಗಿತು. ಒಂದು ದಿನ ಗಾಣದ ಬೀದಿಯಲ್ಲಿ ಗುರುಬಸಮ್ಮನವರ ತಪ್ಪಲೆಯನ್ನು ಕೆಂಡದ ಮೇಲೆ ಹಿಡಿದುಕೊಂಡೇ ಇವರು ನಿದ್ದೆ ಹೋದರು. ಎಚ್ಚರವಾಗುವಷ್ಟರಲ್ಲಿ ಅದರ ತಳ ಸುಟ್ಟು ಅಂಗೈಯಗಲ ತೂತಾಗಿತ್ತು, ಇಕ್ಕಳ ಜಾರಿ ಬಲಗೈ ಬೊಬ್ಬೆಯೆದ್ದಿತ್ತು. ಗುರುಬಸಮ್ಮನವರೆಂದರೆ ಆ ಬೀದಿಯ ಹೆಂಗಸರಿಗೆಲ್ಲ ಹಿರಿಯಕ್ಕ. ಗಂಡ ತೀರಿಕೊಂಡ ಮೇಲೆ ಮೂರು ಸೊಸೆಯರ ಸಂಸಾರವನ್ನು ಮಾತಿನಿಂದಲೇ ನಡೆಸಿದವರು. ಆ ತಪ್ಪಲೆ ಅವರ ತೌರಿನಿಂದ ಬಂದದ್ದು. ತೂತನ್ನು ಸೂರ್ಯನಿಗೆ ಹಿಡಿದು, ಅದರೊಳಗಿಂದ ಇವರನ್ನೇ ನೋಡುತ್ತ, "ಚೆನ್ನಾಗಿ ಕಾಣ್ತೀಯ ಕಣಪ್ಪ" ಎಂದರಂತೆ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು ಎಂದು ಇವರು ಮನೆಗೆ ಬಂದು ಹೇಳಿದರು.

ಹೂವಿನ ಬೀದಿಯ ಪಂಡಿತರು ಕೈಗೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರು, ನಾಡಿ ನೋಡಿದರು. ನನ್ನನ್ನು ಹೊರಗೆ ಕರೆದು ಹೇಳಿದರು: "ಗಾಯ ಮಾಯ್ತದೆ ತಾಯಿ. ಆದರೆ ಈ ಮನುಷ್ಯನಿಗೆ ಕಣ್ತುಂಬ ನಿದ್ದೆ ಬೇಕು, ತುಂಡು ನಿದ್ದೆ ಅಲ್ಲ. ಇಲ್ಲದಿದ್ರೆ ಇನ್ನೊಂದು ದಿನ ಕೆಂಡದ ಮೇಲೆ ಕೈಯಲ್ಲ, ಮುಖಾನೇ ಇಡ್ತಾನೆ."

ದಾರಿಯುದ್ದಕ್ಕೂ ಯೋಚಿಸಿದೆ. ನಾಲ್ಕು ಮಧ್ಯಾಹ್ನಗಳ ನಡುವೆ ನಾಲ್ಕು ಚಿಕ್ಕ ಸಂದುಗಳಿದ್ದವು, ಯಾವುದೂ ಒಂದು ನಿದ್ದೆಗೆ ಸಾಲದು. ಗಾಣದ ಬೀದಿಯೊಂದು ತನ್ನ ಪಾತ್ರೆಗಳನ್ನು ಸಂಜೆಗೆ ಸರಿಸಿಕೊಟ್ಟರೆ ಅದರ ಬೆನ್ನಿಗೇ ಹೂವಿನ ಬೀದಿಯ ಕೆಲಸ ಹತ್ತಿಕೊಳ್ಳುತ್ತಿತ್ತು. ಕೋಟೆ ಹಿಂದಲ ಬೀದಿ ಮುಗಿದ ಮೇಲೆ ಎರಡು ಸಂದು ಸೇರಿ ಒಂದು ದೊಡ್ಡ ಬಿಡುವಾಗುತ್ತಿತ್ತು. ಅಷ್ಟೇ ನನಗೆ ಬೇಕಾದದ್ದು. ಆದರೆ ಅದಕ್ಕಾಗಿ ಒಂದು ಬೀದಿಯ ಜನ ರಾತ್ರಿ ಅಡುಗೆಯನ್ನು ತಡಮಾಡಬೇಕು, ಅದೂ ನಾವು ತಪ್ಪಲೆ ತೂತು ಮಾಡಿಕೊಟ್ಟ ಬೀದಿ. ಇವರಿಗೆ ಹೇಳದೆ ನಾನೊಬ್ಬಳೇ ಗುರುಬಸಮ್ಮನವರ ಮನೆಗೆ ಹೋದೆ.

ಅವರು ಜಗುಲಿಯಲ್ಲಿ ಹುಚ್ಚೆಳ್ಳು ಕೇರುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ. "ಏನವ್ವ ಜೈನಬ್ಬಿ, ಇನ್ನೊಂದು ತಪ್ಪಲೆ ಬೇಕಾ ತೂತು ಮಾಡಾಕೆ?"

"ಅಮ್ಮೋರೆ, ನಿಮ್ಮ ಬೀದಿ ಪಾತ್ರೆ ನಾಳೆಯಿಂದ ಸಾಯಂಕಾಲ ಕೊಡ್ತೀರಾ? ಮಧ್ಯಾಹ್ನದ ಬದಲು."

"ದೀಪ ಹಚ್ಚೋ ಹೊತ್ನಾಗ? ಪಾತ್ರೆ ಬೀದೀಲಿಟ್ಟು ಹಿಟ್ಟು ಯಾವುದ್ರಾಗ ಬೇಯಿಸ್ಲಿ, ನಿನ್ ಅಂಗೈಯಾಗ?" ಮೊರ ನಿಂತಿತು. "ಹೊತ್ತು ಹೇಳಾಕೆ ಬಂದೋಳು ಹೊತ್ತು ಹೇಳಿ ಹೋಗ್ಬೇಕು. ನಮ್ಮ ಹೊತ್ತನ್ನೇ ಜರುಗಿಸಾಕೆ ಬರ್ತಾರೇನೆ? ಯಾತಕ್ಕೆ ಬೇಕು ಇದೆಲ್ಲ?"

ನಿದ್ದೆಗೆ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಇಡೀ ಊರಿಗೆ ದುಡಿಯುವ ಗಂಡಸಿಗೆ ನಿದ್ದೆ ಕೊಡಿ ಎಂದು ಬೇಡುವುದು ಇವರಿಗೆ ಅವಮಾನ ಮಾಡಿದಂತೆ ಎಂದು ನನಗಾಗ ಅನ್ನಿಸಿತ್ತು. "ಕುಲುಮೆ ರಿಪೇರಿ ಇದೆ" ಎಂದೆ. ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಬಹಳ ಹೊತ್ತು ಕೇರಿ, ಊದಿ, ಕಲ್ಲು ಆರಿಸಿ, ಕೊನೆಗೆ, "ಒಂದೇ ದಿನ. ಸರಿಹೋದ್ರೆ ಮುಂದಿಂದು ಮುಂದೆ. ಒಂದು ಗಳಿಗೆ ತಡ ಆದ್ರೂ ನಾನೇ ಬಂದು ನಿಮ್ಮ ಕುಲುಮೆಗೆ ನೀರು ಹುಯ್ತೀನಿ, ತಿಳ್ಕೋ" ಎಂದರು.

ಕಾಲಿಗೆ ಬೀಳುವಷ್ಟು ಸಂತೋಷವಾಯಿತು ನನಗೆ. ಈಗ ಒಂದು ಗುರುತು ಹೇಳಬೇಕಿತ್ತು, ಇಡೀ ಬೀದಿಗೂ ನಮ್ಮ ಮನೆಗೂ ಒಟ್ಟಿಗೆ ತಿಳಿಯುವಂಥದ್ದು. ಗಾಣದ ಬೀದಿಯಲ್ಲಿ ಹೆಸರಿಗೆ ತಕ್ಕಂತೆ ಉಳಿದಿದ್ದದ್ದು ಒಂದೇ ಗಾಣ, ಮುದುಕ ಮಾದಪ್ಪನವರದು, ಚೌಕದ ಮಗ್ಗುಲಲ್ಲೇ. ಸಂಜೆ ಅವರು ಎತ್ತು ಬಿಚ್ಚಿದಾಗ ಅದು ಕೊರಳು ಕೊಡವಿ ನೀರಿನ ತೊಟ್ಟಿಗೆ ಓಡುತ್ತಿತ್ತು, ಅದರ ಗಂಟೆಯ ಸದ್ದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಬೀದಿಯ ಈ ತುದಿಯಿಂದ ಆ ತುದಿಗೆ ಕೂಗಿಕೊಂಡು ಹೋದೆ: "ನಾಳೆ ಎತ್ತು ಬಿಚ್ಚಿದ ಮೇಲೆ ಬರ್ತೀವಮ್ಮಾ! ಗಂಟೆ ಕೇಳಿಸಿದ ಕೂಡ್ಲೇ ಪಾತ್ರೆ ತನ್ನಿ!" ಇಷ್ಟು ಅಚ್ಚುಕಟ್ಟಾದ ಗುರುತನ್ನು ಇಷ್ಟು ವರ್ಷದಲ್ಲಿ ಹೇಳಿರಲಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನನ್ನ ಎಡವಟ್ಟು ನೋಡಿ. ಗುರುಬಸಮ್ಮನವರ ಮನೆಗೆ ಹೋಗುವ ಮುಂಚೆ ನಾನು ಕೋಟೆ ಹಿಂದಲ ಬೀದಿಯಲ್ಲಿ ಒಂದು ಮನೆಗೆ ಪಾತ್ರೆ ಮುಟ್ಟಿಸಿ ಬಂದಿದ್ದೆ. ಅಲ್ಲಿ ಇನ್ನೂ ಶನಿವಾರದ ರಾತ್ರಿ. ಶನಿವಾರವನ್ನೇ ತಲೆಯಲ್ಲಿಟ್ಟುಕೊಂಡು ಗಾಣದ ಬೀದಿಗೆ ಬಂದು ನಾಳೆ ಎಂದೆ. ಗಾಣದ ಬೀದಿಯಲ್ಲಿ ಅದಾಗಲೇ ಭಾನುವಾರದ ಸಂಜೆ. ಅವರ ನಾಳೆ ಸೋಮವಾರ, ಬಸವಣ್ಣನ ವಾರ. ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ಬೀದಿಯ ಹೆಂಗಸರಿಗೆ ಮರುದಿನ ಸೋಮವಾರವೆಂದು ಗೊತ್ತಿತ್ತು, ಸೋಮವಾರ ಗಾಣ ನಿಲ್ಲುತ್ತದೆ ಎಂದೂ ಗೊತ್ತಿತ್ತು. ಪಾತ್ರೆಯ ಗಡಿಬಿಡಿಯಲ್ಲಿ ಎರಡನ್ನೂ ಜೋಡಿಸಿ ನೋಡಲು ಒಬ್ಬರಿಗೂ ಪುರಸೊತ್ತಿರಲಿಲ್ಲ.

ಮರುದಿನ ಕೋಟೆ ಹಿಂದಲ ಬೀದಿಯ ಕೆಲಸ ಮುಗಿಸಿ ಇವರು ಮನೆಗೆ ಬಂದು ಎಂದಿನಂತೆ ಬಾಗಿಲಲ್ಲೇ ಕೂತರು. "ಗಾಣದ ಬೀದೀದು ಸಂಜೆಗೆ ಹೋಗಿದೆ, ಅವರೇ ಕೇಳಿದ್ರು" ಎಂದೆ. ನಂಬಿದರೋ ಇಲ್ಲವೋ, ನಂಬದೆ ಇರುವಷ್ಟು ಶಕ್ತಿಯೂ ಇರಲಿಲ್ಲ. ಮದುವೆಯ ಹಾಸಿಗೆ ಬಿಡಿಸಿ ಹಾಸಿದೆ. ಕಿಟಕಿಗೆ ನನ್ನ ಎರಡು ಸೀರೆ ಕಟ್ಟಿ ಬೆಳಕು ತಡೆದೆ. "ಗಂಟೆ ಕೇಳಿದ ಕೂಡ್ಲೇ ಎಬ್ಬಿಸು, ಗುರುಬಸಮ್ಮೋರು ಕಾಯ್ತಾರೆ" ಎಂದವರು ಆ ಮಾತು ಮುಗಿಯುವ ಮೊದಲೇ ನಿದ್ದೆ ಹೋದರು. ನಾನು ಬಾಗಿಲಿಗೊರಗಿ ಕಿವಿಗೊಟ್ಟು ಕೂತೆ.

ಗಾಣದ ಬೀದಿಯಲ್ಲಿ ನಡೆದದ್ದನ್ನು ಆಮೇಲೆ ಒಬ್ಬೊಬ್ಬರೂ ಒಂದೊಂದು ಬಣ್ಣ ಕಟ್ಟಿ ಹೇಳಿ ನಗಿಸಿದರು. ಬಿಸಿಲು ಇಳಿಯುವಾಗಲೇ ಹೆಂಗಸರೆಲ್ಲ ತಪ್ಪಲೆ, ಕಡಾಯಿ, ಬೋಗುಣಿಗಳನ್ನು ಬರಿದು ಮಾಡಿ ಹೊಸ್ತಿಲಲ್ಲಿಟ್ಟುಕೊಂಡು ಕಾಯುತ್ತ ಕೂತರಂತೆ. ದೀಪ ಹಚ್ಚಿಯಾಯಿತು, ಗಂಟೆ ಇಲ್ಲ. ಗಂಡಸರು ಕೆಲಸದಿಂದ ಬಂದು ಕೈಕಾಲು ತೊಳೆದು ಹಿಟ್ಟು ಕೇಳಿದರೆ, "ಎತ್ತು ಬಿಚ್ಚಲಿ, ಇರ್ರಿ" ಎಂಬ ಉತ್ತರ. ಮಕ್ಕಳು ಅತ್ತರೆ ಅವಕ್ಕೂ ಅದೇ. ಕೊನೆಗೆ ಗುರುಬಸಮ್ಮನವರು ಗಾಣದ ಮನೆಗೇ ಹೋಗಿ, "ಏನ್ ಮಾದಪ್ಪ, ಇವತ್ತು ಎತ್ತು ಬಿಚ್ಚೋ ಯೋಚ್ನೆ ಐತೋ ಇಲ್ವೋ?" ಎಂದು ಗದರಿದರಂತೆ. ಮಾದಪ್ಪ ಚಾಪೆಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. "ಕಟ್ಟಿದ್ರೆ ತಾನೇ ಅಕ್ಕ ಬಿಚ್ಚಾಕೆ? ಸೋಮಾರ ಅಲ್ವಾ?" ಎಂದರಂತೆ.

ಇತ್ತ ನನ್ನ ಬಾಗಿಲಿನಿಂದ ಗಾಣದ ಬೀದಿಯ ಬಾಯಿ ಕಾಣುತ್ತಿತ್ತು. ಅಲ್ಲಿ ಕತ್ತಲಾದದ್ದು ಕಂಡಿತು, ಗಂಟೆ ಮಾತ್ರ ಆಗಲಿಲ್ಲ. ಏನೋ ಹೆಚ್ಚುಕಡಿಮೆಯಾಗಿದೆ ಎನಿಸಿ ಒಳಗೆ ಹೋಗಿ ಇವರ ಹತ್ತಿರ ಬಗ್ಗಿದೆ. ಇವರು ಬಾಯಿ ಅರ್ಧ ತೆರೆದು, ಬಟ್ಟೆ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ಹಣೆಯ ಗೆರೆಗಳೆಲ್ಲ ಬಿಚ್ಚಿಕೊಂಡಿದ್ದವು. ಮದುವೆಯಾದಂದಿನಿಂದ ಆ ಮುಖವನ್ನು ಹಾಗೆ ನೋಡಿಯೇ ಇರಲಿಲ್ಲ ನಾನು. ಎಷ್ಟು ಚೆಂದದ ಗಂಡಸು ಎನಿಸಿ ಅಳು ಬಂತು. ಎಬ್ಬಿಸಲಿಲ್ಲ. ಬೀದಿ ಉಪವಾಸವಿದ್ದರೆ ಇರಲಿ, ನಾನು ಎಬ್ಬಿಸುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಆಗಲೇ ಹೊರಗೆ ಪಾತ್ರೆಗಳ ಸದ್ದು, ಸಾಲಾಗಿ ಲಾಂದ್ರಗಳು. ಮುಂದೆ ಗುರುಬಸಮ್ಮನವರು, ಸೊಂಟದಲ್ಲಿ ಒಂದು ಕೊಡ ನೀರು. ಹೇಳಿದ ಮಾತಿಗೆ ತಪ್ಪುವವರಲ್ಲ. ಹಿಂದೆ ಇಡೀ ಬೀದಿಯ ಹೆಂಗಸರು, ಬಗಲಲ್ಲಿ ತಪ್ಪಲೆ. ನಾನು ಬಾಗಿಲಿಗೆ ಅಡ್ಡ ನಿಂತೆ, ಎರಡು ಕೈಯನ್ನೂ ಚೌಕಟ್ಟಿಗೆ ಚಾಚಿ.

"ಸೋಮಾರ ಯಾರೇ ಎತ್ತು ಕಟ್ತಾರೆ? ಎಲ್ಲೇ ನಿನ್ನ ಗಂಡ? ಕರಿ ಆಚೆಗೆ."

"ಕರೆಯೋದಿಲ್ಲ ಅಮ್ಮೋರೆ."

"ಏನಂದೆ?"

"ಕರೆಯೋದಿಲ್ಲ. ತಪ್ಪು ನಂದು, ದಿನ ನೋಡದೆ ಹೊತ್ತು ಹೇಳಿದೆ. ಕುಲುಮೆ ರಿಪೇರಿ ಅಂದಿದ್ದೂ ಸುಳ್ಳು. ಅವರು ಮಲಗಲಿ ಅಂತ ನಿಮ್ಮ ಹೊತ್ತು ಜರುಗಿಸಿದ್ದು. ಆ ನೀರು ನನ್ನ ತಲೆ ಮೇಲೆ ಹುಯ್ರಿ, ಅವರನ್ನ ಮಾತ್ರ ಎಬ್ಬಿಸಬೇಡಿ." ನನ್ನ ದನಿ ಅಷ್ಟು ಗಟ್ಟಿಯಾದದ್ದು ಅದೇ ಮೊದಲು. ಕೂಗಿ ಕೂಗಿ ಪಳಗಿದ ಗಂಟಲು, ಆದರೂ ಅಂದು ಪಿಸುಮಾತಿನಲ್ಲೇ ಗಟ್ಟಿಯಾಗಿ ಹೇಳಿದೆ.

ಗುರುಬಸಮ್ಮನವರು ಕೊಡ ಇಳಿಸಿದರು. ನನ್ನ ತೋಳಿನ ಕೆಳಗಿಂದ ಬಗ್ಗಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಸೀರೆ ಕಟ್ಟಿದ ಕಿಟಕಿಯನ್ನೂ ನೋಡಿದರು, ಮೇಲೆ ಚೌಕದ ಮಬ್ಬು ಆಕಾಶವನ್ನೂ ನೋಡಿದರು, ಮೊದಲ ಸಲ ನೋಡುವವರ ಹಾಗೆ.

"ಅಲ್ವೇ ಜೈನಬ್ಬಿ, ಇಲ್ಲಿ ಕತ್ಲೇನೇ ಆಗಲ್ವಾ?"

"ಇಲ್ಲ ಅಮ್ಮೋರೆ."

"ಅಂದ್ರೆ ನೀವು ಮಲಗೋದು ಯಾವಾಗ?"

ಹಿಂದಿನಿಂದ ಯಾರದೋ ಬೋಗುಣಿ ಕಲ್ಲಿಗೆ ತಾಗಿ ಠಣ್ ಎಂದಿತು. ಗುರುಬಸಮ್ಮನವರು ತಿರುಗಿ ಬೀರಿದ ನೋಟಕ್ಕೆ ಅವಳು ಬೋಗುಣಿಯನ್ನು ಮಗುವಿನಂತೆ ಎದೆಗವಚಿಕೊಂಡಳು. ಆಮೇಲೆ ಅವರು ನಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತೇಬಿಟ್ಟರು. ಉಳಿದವರೂ ಕೂತರು. ತಪ್ಪಲೆಗಳನ್ನು ಸೆರಗು ಹಾಸಿ ಸದ್ದಾಗದಂತೆ ಇಳಿಸಿಕೊಂಡರು. ಒಬ್ಬಳು ಮನೆಗೆ ಓಡಿ ಅವಲಕ್ಕಿ, ಬೆಲ್ಲ ತಂದು ಎಲ್ಲರ ಕೈಗೂ ಹಾಕಿದಳು.

ಸ್ವಲ್ಪ ಹೊತ್ತಿಗೆ ಹೂವಿನ ಬೀದಿಯಿಂದ ಇಬ್ಬರು ಬಂದರು, ಕೈಯೆಲ್ಲ ಬಾಳೆನಾರು. "ನಾರು ನೆನೆ ಹಾಕಿ ಆಗ್ಲೇ ಎಷ್ಟೋ ಹೊತ್ತಾಯ್ತು, ಖಾಸಿಮಣ್ಣ ಬರ್ಲೇ ಇಲ್ವಲ್ಲ ಜೈನಕ್ಕ?" ಎಂದು ದೂರದಿಂದಲೇ ಶುರು ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಗುರುಬಸಮ್ಮನವರು ಕೈಯೆತ್ತಿ ತಡೆದರು.

"ಮೆಲ್ಲಗೆ ಮಾತಾಡ್ರೇ. ಇವರ ಮನ್ಯಾಗ ಈಗ ರಾತ್ರಿ."

ಆ ಇಬ್ಬರೂ ಮುಖ ಮುಖ ನೋಡಿಕೊಂಡರು. ಚೌಕದಲ್ಲಿ ರಾತ್ರಿಯೆಂಬುದನ್ನು ಅವರು ಕೇಳಿರಲಿಲ್ಲ. ಆದರೂ ದನಿ ತಗ್ಗಿಸಿ, "ಹೌದಾ? ಗೊತ್ತಿರ್ಲಿಲ್ಲ ನೋಡಿ. ಹಂಗಾದ್ರೆ ಬೆಳಗಾದ್ಮೇಲೆ ಹೇಳಿ ಕಳ್ಸಿ, ಇವತ್ತಿನ ಸಾರು ಮಡಕೇಲೇ ಆಗ್ತದೆ" ಎಂದು ಹಿಂದಿರುಗಿದರು. ಗುರುಬಸಮ್ಮನವರು ಅವರ ಬೆನ್ನಿಗೆ, "ನಮ್ಮ ಬೀದಿ ಇನ್ಮೇಲೆ ಎತ್ತು ಬಿಚ್ಚಿದ ಮೇಲೇ ಪಾತ್ರೆ ಕೊಡೋದು. ಸೋಮಾರ ಕೊಡೋದೇ ಇಲ್ಲ. ಹೇಳಿ ಎಲ್ಲಾರ್ಗೂ" ಎಂದು ಪಿಸುಗುಟ್ಟಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಅವರು ನೋಡಿಯೂ ನೋಡದವರಂತೆ ನನ್ನ ಕೈಗೆ ಒಂದು ಹಿಡಿ ಅವಲಕ್ಕಿ ಹಾಕಿದರು.

ಇವರಿಗೆ ಎಚ್ಚರವಾದಾಗ ಮನೆಯೊಳಗೆ ಏನೋ ಬಿದ್ದ ಸದ್ದಾಯಿತು. ತತ್ತರಿಸಿಕೊಂಡು ಎದ್ದು, ಇಕ್ಕಳವೊಂದನ್ನು ಹಿಡಿದು, ಬಾಗಿಲಿಗೆ ಓಡಿ ಬಂದರು. ಜಗುಲಿಯ ತುಂಬ ಕೂತಿದ್ದ ಹೆಂಗಸರನ್ನು, ತಪ್ಪಲೆಗಳನ್ನು, ನೀರಿನ ಕೊಡವನ್ನು ನೋಡಿ ಮುಖ ಬಿಳಿಚಿಕೊಂಡಿತು. "ಅಮ್ಮೋರೆ, ತಪ್ಪಾಯ್ತು... ಹೊತ್ತು ಮೀರಿಹೋಯ್ತು... ಜೈನಾ, ಯಾಕೆ ಎಬ್ಬಿಸಲಿಲ್ಲ? ಎಷ್ಟು ಹೊತ್ತಾಯ್ತು? ಹೇಳೇ, ಎಷ್ಟು ಹೊತ್ತು?"

ಗುರುಬಸಮ್ಮನವರು ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆಯೇ ನೋಡಿದರು, ಹೊತ್ತು ಹೇಳುವವಳು ನಾನೇ ಅಲ್ಲವೇ.

"ಬೆಳಗಾಗಿದೆ" ಎಂದೆ.

ಇವರು ನಾಲ್ಕೂ ದಿಕ್ಕಿಗೆ ತಿರುಗಿ ನೋಡಿದರು. ಗಾಣದ ಬೀದಿಯಲ್ಲಿ ರಾತ್ರಿ, ಹೂವಿನ ಬೀದಿಯಲ್ಲಿ ಇಳಿಬಿಸಿಲು, ಕಂಬಳಿ ಬೀದಿಯಲ್ಲಿ ಏರುಬಿಸಿಲು, ಕೋಟೆ ಹಿಂದಲ ಬೀದಿಯಲ್ಲಿ ಇನ್ನೂ ಕೋಳಿ ಕೂಗಿರಲಿಲ್ಲ. "ಎಲ್ಲಿ ಬೆಳಗಾಗಿದೆ?" ಎಂದರು, ದಿಕ್ಕು ತಪ್ಪಿದವರ ಹಾಗೆ.

"ನಮ್ಮನೇಲಿ" ಎಂದೆ.

ಇವರು ನನ್ನನ್ನೇ ನೋಡಿದರು. ಕಣ್ಣು ಕೆಂಪಿರಲಿಲ್ಲ, ಇಕ್ಕಳ ಹಿಡಿದ ಕೈ ನಡುಗುತ್ತಿರಲಿಲ್ಲ. ಗುರುಬಸಮ್ಮನವರು ನಮ್ಮ ಕುಲುಮೆಗೆ ಹುಯ್ಯಲು ತಂದಿದ್ದ ಕೊಡವನ್ನು ಕಾಲಿನಿಂದ ಮುಂದಕ್ಕೆ ಸರಿಸಿದರು. ಇವರು ಇಕ್ಕಳ ಕೆಳಗಿಟ್ಟು, ಜಗುಲಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬಟ್ಟೆ ಕಟ್ಟಿದ ಕೈಯನ್ನು ಬದಿಗೆ ಹಿಡಿದುಕೊಂಡು, ಒಂದೇ ಕೈಯಲ್ಲಿ ನೀರು ಮೊಗೆದು ಮುಖ ತೊಳೆದುಕೊಂಡರು.